ಪಟ್ಟಿಯಲ್ಲಿ ಮೊದಲನೆಯವನು

ಮಾರ್ಚ್ 6

ಮೊಂಡ,

ನಿನ್ನ ಕಾಗದ ಬಂತು. ಡಯಾಲಿಸಿಸ್ ಯಂತ್ರದ ಪಕ್ಕ ನಾಲ್ಕು ಗಂಟೆ ಬಿದ್ದುಕೊಂಡು, ಎಡಗೈ ಯಂತ್ರಕ್ಕೆ ಕೊಟ್ಟು, ಬಲಗೈಯಲ್ಲಿ ಬರೆದದ್ದು ಅಂತ ಅಕ್ಷರ ನೋಡಿದರೇ ಗೊತ್ತಾಗುತ್ತದೆ. ಸಾಲುಗಳೆಲ್ಲ ಏಣಿ ಹತ್ತಿವೆ. ಪುಸ್ತಕಕ್ಕೆ ಬೈಂಡ್ ಹಾಕುವಾಗ ಒಂದು ಹಾಳೆ ಕೂದಲೆಳೆಯಷ್ಟು ಓರೆಯಾದರೂ ಕಿತ್ತು ಮತ್ತೆ ಹೊಲಿಯುವ ಮನುಷ್ಯ ನೀನು. ಇರಲಿ, ಬರೆ. ವಾರಕ್ಕೆ ಮೂರು ದಿನ ಸೂರು ನೋಡುತ್ತ ಮಲಗುವುದಕ್ಕಿಂತ ನನ್ನನ್ನು ಬೈದಾದರೂ ಬರೆ.

ಕಿಡ್ನಿ ಹಂಚುವ ನಮ್ಮ ಕಚೇರಿಯ ಪಟ್ಟಿ ಹೇಗಿರುತ್ತದೆ, ಅದರಲ್ಲಿ ನೀನು ಎಲ್ಲಿದ್ದೀಯ ಅಂತ ಕೇಳಿದ್ದೀಯ. ಎರಡನೆಯದಕ್ಕೆ ನನ್ನಲ್ಲಿ ಉತ್ತರವಿಲ್ಲ. ಕಿಡ್ನಿಗೆ ಕಾಯುವವರಿಗೆ ಒಂದೊಂದು ರಕ್ತದ ಗುಂಪಿಗೆ ಒಂದೊಂದು ಪಟ್ಟಿ. ನಿನ್ನ ಹೆಸರು ಸೇರಿದ ದಿನವೇ ನಾನು ನಮ್ಮ ಮುಖ್ಯಸ್ಥೆ ಡಾಕ್ಟರಮ್ಮನ ಹತ್ತಿರ ಹೋಗಿ "ಇವನು ನನ್ನ ತಮ್ಮ" ಅಂದೆ. "ಹಾಗಾದ್ರೆ ಆ ಗುಂಪಿನ ಪಟ್ಟಿ ನೀನು ತೆರೆಯೋ ಹಾಗಿಲ್ಲಮ್ಮ" ಅಂದರು. ನ್ಯಾಯವೇ. ನನ್ನ ಕಿಡ್ನಿ ನಿನಗೆ ಹೊಂದಲಿಲ್ಲ, ನಿನ್ನವಳದು ಸಕ್ಕರೆ ಕಾಯಿಲೆಯಿಂದಾಗಿ ಬೇಡ ಅಂದರು. ಪಟ್ಟಿಯನ್ನು ನೋಡುವುದಕ್ಕೂ ನನಗೆ ಅನುಮತಿ ಇಲ್ಲ. ಪ್ರೋಗ್ರಾಂ ಬರೆಯುವುದು ಮಾತ್ರ ನನ್ನ ಪಾಲಿಗೆ.

ಮೊದಲನೆಯದಕ್ಕೆ ಹೇಳುತ್ತೇನೆ. ಅದು ಸಿ ಭಾಷೆಯಲ್ಲಿ ಬರೆದ ಹಳೇ ಪ್ರೋಗ್ರಾಂ. ನೀನು ಅಂದುಕೊಂಡ ಹಾಗೆ ಒಂದರ ಕೆಳಗೊಂದು ಹೆಸರು ಬರೆದಿರುವುದಿಲ್ಲ. ಒಬ್ಬೊಬ್ಬರಿಗೂ ಒಂದೊಂದು ಪೆಟ್ಟಿಗೆ, ಅದಕ್ಕೆ ನೋಡ್ ಅನ್ನುತ್ತೇವೆ. ಪೆಟ್ಟಿಗೆಗಳು ಎಲ್ಲೆಲ್ಲೋ ಚೆಲ್ಲಾಪಿಲ್ಲಿಯಾಗಿ ಬಿದ್ದಿರುತ್ತವೆ. ಒಂದೊಂದರೊಳಗೂ ರೋಗಿಯ ವಿವರ, ಜೊತೆಗೆ ಒಂದು ಚೀಟಿ. ತನ್ನ ಹಿಂದಿರುವವರ ಪೆಟ್ಟಿಗೆ ಎಲ್ಲಿದೆ ಅನ್ನುವ ವಿಳಾಸ ಮಾತ್ರ ಆ ಚೀಟಿಯಲ್ಲಿ. ಎಲ್ಲರಿಗಿಂತ ಮುಂದಿರುವವರ ವಿಳಾಸ ಬಾಗಿಲ ಹತ್ತಿರ ಒಂದು ಹಲಗೆಯ ಮೇಲೆ. ಹಲಗೆ ನೋಡಿ ಮೊದಲನೆಯವರ ಹತ್ತಿರ ಹೋಗಬೇಕು, ಅವರ ಚೀಟಿ ನೋಡಿ ಎರಡನೆಯವರ ಹತ್ತಿರ, ಹೀಗೇ ಕೊನೆಯವರೆಗೆ. ಇದೇ ಲಿಂಕ್ಡ್ ಲಿಸ್ಟ್.

ಇಷ್ಟು ದಿನ ಯಾರದಾದರೂ ಸ್ಥಿತಿ ಬಿಗಡಾಯಿಸಿ ಅವರನ್ನು ಮುಂದೆ ತರಬೇಕಾದರೆ ಗುಮಾಸ್ತೆ ಇಡೀ ಪಟ್ಟಿ ಅಳಿಸಿ ಹೊಸದಾಗಿ ಟೈಪ್ ಮಾಡುತ್ತಿದ್ದಳು. ಅರ್ಧ ದಿನದ ಕೆಲಸ, ಪಾಪ. ಹೋದ ತಿಂಗಳು ನಾನೊಂದು ಫಂಕ್ಷನ್, ಅಂದರೆ ಪ್ರೋಗ್ರಾಮಿನ ಒಂದು ಚಿಕ್ಕ ತುಂಡು, ಬರೆದುಕೊಟ್ಟೆ. ಪೆಟ್ಟಿಗೆಗಳು ಇದ್ದಲ್ಲೇ ಇರುತ್ತವೆ, ಎರಡು ಮೂರು ಚೀಟಿ ಮಾತ್ರ ಬದಲಾಗುತ್ತವೆ, ಕಣ್ಣು ಮಿಟುಕಿಸುವುದರೊಳಗೆ ಕೆಲಸ ಮುಗಿದಿರುತ್ತದೆ. ಗುಮಾಸ್ತೆ ನನ್ನ ಕೈ ಹಿಡಿದುಕೊಂಡುಬಿಟ್ಟಳು. ನಾಲ್ಕು ದಿನ ನೆಲದ ಮೇಲೆ ಕಾಲಿಡದೆ ಓಡಾಡಿದೆ, ನಿನ್ನ ಹತ್ತಿರ ಹೇಳಿಕೊಳ್ಳುವುದಕ್ಕೇನು ಸಂಕೋಚ.

ನೀರು ಅಳೆದು ಕುಡಿ. ನಿನ್ನವಳ ಕಣ್ಣು ತಪ್ಪಿಸಿ ಕುಡಿಯಬೇಡ.

ನಿನ್ನ ಅಕ್ಕ

ಮಾರ್ಚ್ 17

ಅಕ್ಕಾ,

ನಿನ್ನ ಕಾಗದವನ್ನು ಪಕ್ಕದ ಮಂಚದ ಬಡಗಿಯಣ್ಣನಿಗೂ ಓದಿ ಹೇಳಿದೆ. ಅವರದೂ ನನ್ನದೂ ಒಂದೇ ರಕ್ತದ ಗುಂಪು, ಒಂದೇ ಪಾಳಿ. ಆರು ವರ್ಷದಿಂದ ಡಯಾಲಿಸಿಸ್‌ನಲ್ಲಿದ್ದಾರೆ, ಅದಕ್ಕೇ ವಾರ್ಡಿನಲ್ಲಿ ಅವರದೇ ಯಜಮಾನಿಕೆ. ಎಲ್ಲ ಕೇಳಿ, "ಅಂದ್ರೆ ನನ್ನ ಹಿಂದೆ ಯಾರಿದಾರೆ ಅಂತ ನಂಗೆ ಗೊತ್ತು, ಮುಂದೆ ಯಾರಿದಾರೆ ಅಂತ ಗೊತ್ತಿಲ್ಲ. ಸಿನಿಮಾ ಟಿಕೆಟ್ಟಿನ ಕ್ಯೂ ಇದಕ್ಕಿಂತ ವಾಸಿ ಕಣಯ್ಯ" ಅಂದರು. ನರ್ಸ್ ನಕ್ಕು ನಕ್ಕು ನನ್ನ ಬಿ.ಪಿ. ಬರೆಯುವುದನ್ನೇ ಮರೆತಳು.

ಅಂಗಡಿಗೆ ವಾರಕ್ಕೆ ಮೂರು ದಿನ ಹೋಗುತ್ತೇನೆ. ಸೂಜಿ ಚುಚ್ಚಿದ ಮಾರನೆ ದಿನ ಎಡಗೈಯಲ್ಲಿ ದಾರ ಬಿಗಿ ಹಿಡಿಯಲು ಆಗುವುದಿಲ್ಲ, ಆಗ ಅಂಟು ಹಚ್ಚುವ ಕೆಲಸ. ಇವಳು ಹೊಲಿಯುವುದನ್ನು ಕಲಿತಿದ್ದಾಳೆ. ನನಗಿಂತ ಚೆನ್ನಾಗಿ ಹೊಲಿಯುತ್ತಾಳೆ, ಅದನ್ನು ದಿನಕ್ಕೆ ಹತ್ತು ಸಲ ಹೇಳಿಯೂ ಹೇಳುತ್ತಾಳೆ. ಮಗಳು ನನ್ನ ತೋಳಿನಲ್ಲಿ ಸೂಜಿಗೆಂದು ಆಪರೇಷನ್ ಮಾಡಿ ಉಬ್ಬಿಸಿದ ನರಕ್ಕೆ ಕಿವಿಯಿಟ್ಟು "ಅಪ್ಪಾ, ಒಳಗೆ ಮೋಟಾರ್ ಓಡ್ತಿದೆ" ಅನ್ನುತ್ತಾಳೆ. ಡಾಕ್ಟರು ಆ ಸದ್ದು ಇರುವವರೆಗೆ ಚಿಂತೆಯಿಲ್ಲ ಅಂದಿದ್ದಾರೆ.

ಒಂದು ಮಾತು. ನೀನು ಆ ಪಟ್ಟಿ ತೆರೆಯಬಾರದು ಸರಿ. ತೆರೆದರೆ ಯಾರಿಗೆ ಗೊತ್ತಾಗುತ್ತದೆ? ತಮಾಷೆಗೆ ಕೇಳಿದೆ. ಪೂರ್ತಿ ತಮಾಷೆಗೂ ಅಲ್ಲ.

ನಿನ್ನ ಮೊಂಡ

ಜುಲೈ 12

ಮೊಂಡ,

ನಿನ್ನವಳು ಫೋನಿನಲ್ಲಿ ಎಲ್ಲ ಹೇಳಿದಳು. ತೋಳಿನ ಸದ್ದು ನಿಂತುಹೋಯಿತು, ನರ ಮುಚ್ಚಿಕೊಂಡಿತು, ಎರಡು ಸಲ ಆಪರೇಷನ್ ಮಾಡಿದರೂ ತೆರೆಯಲಿಲ್ಲ, ಈಗ ಕುತ್ತಿಗೆಗೆ ನಳಿಗೆ ಹಾಕಿದ್ದಾರೆ. ಅದು ಹೆಚ್ಚು ಕಾಲ ನಡೆಯುವುದಿಲ್ಲ ಅಂತ ನಿನ್ನ ಡಾಕ್ಟರು ಹೇಳಿದ್ದೂ ಗೊತ್ತಾಯಿತು. ಅವಳು ಅಳಲಿಲ್ಲ, ನಾನು ಅತ್ತೆ. ನಿನ್ನ ಭಾವ ಟಿ.ವಿ. ಸದ್ದು ಕಡಿಮೆ ಮಾಡಿ ಪಕ್ಕದಲ್ಲಿ ಬಂದು ಕೂತರು.

ಈಗ ಒಳ್ಳೆ ಸುದ್ದಿ ಕೇಳು. ನಿನ್ನ ಆಸ್ಪತ್ರೆಯಿಂದ ಇಬ್ಬರು ಡಾಕ್ಟರುಗಳ ಸಹಿಯೊಂದಿಗೆ ತುರ್ತು ಪತ್ರ ಬಂದಿದೆ. ನಮ್ಮಲ್ಲಿ ತುರ್ತಿನವರು ಎಲ್ಲರಿಗಿಂತ ಮುಂದೆ ನಿಲ್ಲುತ್ತಾರೆ, ತುರ್ತಿನವರು ಇಬ್ಬರಿದ್ದರೆ ಪತ್ರದ ತಾರೀಖಿನ ಪ್ರಕಾರ. ನಿನ್ನೆ ಬೆಳಗ್ಗೆ ಗುಮಾಸ್ತೆ ನಿನ್ನ ಹೆಸರನ್ನು ಮುಂದೆ ತಂದಳು. ನಾನು ಬಾಗಿಲಲ್ಲೇ ನಿಂತಿದ್ದೆ. ನಿಯಮ ನಿಯಮವೇ, ಆದರೂ ಅವಳು ಪರದೆಯನ್ನು ನನ್ನ ಕಡೆ ಸ್ವಲ್ಪ ತಿರುಗಿಸಿದಳು. ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ನಿನ್ನ ಹೆಸರು. ಕಣ್ಣಾರೆ ನೋಡಿದೆ.

ನಾನು ಬರೆದ ಫಂಕ್ಷನ್ನೇ ನಿನ್ನನ್ನು ಮುಂದೆ ತಂದದ್ದು. ಹೇಳಬಾರದು, ಆದರೂ ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದು ನನ್ನಿಂದಾಗದು. ನಿನ್ನ ಗುಂಪಿನ ಕಿಡ್ನಿ ಎರಡು ತಿಂಗಳಿಗೊಂದರಂತೆ ಬರುತ್ತದೆ. ಇನ್ನು ಬರುವುದು ನಿನ್ನದು. ಒಂದು ಚೀಲದಲ್ಲಿ ಬಟ್ಟೆ ತುಂಬಿಸಿಟ್ಟಿರು.

ನಿನ್ನ ಅಕ್ಕ

ಜುಲೈ 21

ಅಕ್ಕಾ,

ಚೀಲ ತುಂಬಿ ಬಾಗಿಲ ಮೂಲೆಯಲ್ಲಿಟ್ಟಿದ್ದೇವೆ. ಮಗಳು ಅದರಲ್ಲಿ ತನ್ನ ಬಣ್ಣದ ಪೆನ್ಸಿಲ್‌ಗಳನ್ನೂ ಹಾಕಿದ್ದಾಳೆ, ಆಸ್ಪತ್ರೆಯಲ್ಲಿ ನನಗೆ ಹೊತ್ತು ಹೋಗಲಿ ಅಂತ.

ವಾರ್ಡಿನಲ್ಲಿ ಎಲ್ಲರಿಗೂ ಹೇಳಿಬಿಟ್ಟೆ, ಬೈಯಬೇಡ. "ನಮ್ಮ ಬೈಂಡಿಂಗ್‌ನೋನು ಫಸ್ಟ್ ರ‍್ಯಾಂಕ್ ಬಂದಿದಾನೆ" ಅಂತ ಬಡಗಿಯಣ್ಣ ಡಾಕ್ಟರ ಎದುರೇ ಸಾರಿದರು. ಆಮೇಲೆ ಮೆಲ್ಲಗೆ, "ನಿಂದು ಆದ್ಮೇಲೆ ನಂದು ಅಂತ ನಿಮ್ಮಕ್ಕನ್ನ ಕೇಳು" ಅಂದರು. ಆರು ವರ್ಷ ಕಾದ ಮನುಷ್ಯ. ನನಗೆ ನಾಚಿಕೆಯಾಯಿತು, ಅಷ್ಟೇ ಖುಷಿಯೂ ಆಯಿತು. ಎರಡೂ ಒಟ್ಟಿಗೆ ಆಗುತ್ತವೆ ಅಂತ ಗೊತ್ತಿರಲಿಲ್ಲ.

ನಿನ್ನ ಮೊಂಡ

ಆಗಸ್ಟ್ 23

ಅಕ್ಕಾ,

ಒಂದು ಸುದ್ದಿ, ಒಂದು ಪ್ರಶ್ನೆ.

ಬಡಗಿಯಣ್ಣನಿಗೆ ಕಿಡ್ನಿ ಸಿಕ್ಕಿತು. ಮಂಗಳವಾರ ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಫೋನ್ ಬಂತಂತೆ, ಕೈ ತೊಳೆಯದೆ ಓಡಿದರಂತೆ. ಆಪರೇಷನ್ ಚೆನ್ನಾಗಿ ಆಗಿದೆ. ಇವತ್ತು ಗಾಜಿನ ಆಚೆಯಿಂದ ನೋಡಿಬಂದೆ. ಮೂತ್ರದ ಚೀಲವನ್ನು ಎತ್ತಿ ಎತ್ತಿ ತೋರಿಸಿದರು, ಆರು ವರ್ಷದ ಮೇಲೆ ಮೊದಲ ಸಲ ತುಂಬಿದ್ದು. ಕಪ್ ಗೆದ್ದವರೂ ಹಾಗೆ ತೋರಿಸುವುದಿಲ್ಲ. ಅವರ ಹೆಂಡತಿ ನನ್ನ ಕಡೆ ನೋಡಲಿಲ್ಲ. ನಾನು ಚಪ್ಪಾಳೆ ತಟ್ಟಿ ಬಂದೆ.

ಪ್ರಶ್ನೆ ಇದು. ನಾನು ಮೊದಲನೆಯವನು ಅಂದೆಯಲ್ಲ? ಅದು ನನಗೆ ಹೊಂದಲಿಲ್ಲವೇನೋ, ಅದಕ್ಕೆ ಅವರಿಗೆ ಹೋಯಿತೇನೋ ಅಂತ ಇವಳು ಹೇಳುತ್ತಾಳೆ. ಆದರೆ ಹೊಂದುತ್ತದೋ ಇಲ್ಲವೋ ನೋಡಲಿಕ್ಕೂ ಮೊದಲು ಮೊದಲನೆಯವರನ್ನು ಕರೆಯಬೇಕಲ್ಲವೇ? ನನಗೆ ಯಾರೂ ಫೋನ್ ಮಾಡಲೇ ಇಲ್ಲ. ಅವತ್ತು ಇಡೀ ದಿನ ನಾನು ಮನೆಯಲ್ಲೇ ಇದ್ದೆ.

ನಿನ್ನ ಮೊಂಡ

ಆಗಸ್ಟ್ 29

ತಮ್ಮಾ,

ನಿನ್ನ ಕಾಗದ ಓದಿದ ಮೇಲೆ ಡಾಕ್ಟರಮ್ಮ ಊಟಕ್ಕೆ ಹೋಗುವುದನ್ನೇ ಕಾದು, ನಿಯಮ ಮುರಿದು, ಆ ಪಟ್ಟಿ ತೆರೆದೆ. ಮೇಲಿನಿಂದ ಕೆಳಗೆ, ಮತ್ತೆ ಮೇಲಿನಿಂದ ಕೆಳಗೆ, ಮೂರು ಸಲ ನೋಡಿದೆ. ಅದರಲ್ಲಿ ನೀನು ಇಲ್ಲ.

ಮೊದಲ ಸ್ಥಾನದಲ್ಲಿ ಮಾತ್ರವಲ್ಲ, ಕೊನೆಯಲ್ಲೂ ಇಲ್ಲ. ಜುಲೈ ಹನ್ನೊಂದರಿಂದ ನೀನು ಯಾವ ಪಟ್ಟಿಯಲ್ಲೂ ಇಲ್ಲ. ಕಳೆದುಹಾಕಿದವಳು ನಾನು.

ಹೇಗೆ ಅಂತ ಹೇಳುತ್ತೇನೆ, ಹೇಳದಿದ್ದರೆ ನೀನು ಬಿಡುವುದಿಲ್ಲ. ಒಬ್ಬರನ್ನು ಎಲ್ಲರಿಗಿಂತ ಮುಂದೆ ತರುವುದಕ್ಕೆ ಮೂರು ಕೆಲಸ ಆಗಬೇಕು. ನಿನ್ನ ಮುಂದಿದ್ದವನ ಚೀಟಿಯಲ್ಲಿ ನಿನ್ನ ಹಿಂದಿದ್ದವನ ವಿಳಾಸ ಬರೆಯಬೇಕು. ನಿನ್ನ ಚೀಟಿಯಲ್ಲಿ ಹಳೆಯ ಮೊದಲನೆಯವರ ವಿಳಾಸ ಬರೆಯಬೇಕು. ಬಾಗಿಲ ಹಲಗೆಯ ಮೇಲೆ ನಿನ್ನ ವಿಳಾಸ ಬರೆಯಬೇಕು. ನನ್ನ ಫಂಕ್ಷನ್ ಮೊದಲ ಎರಡನ್ನು ಸರಿಯಾಗಿ ಮಾಡಿತು. ಮೂರನೆಯದಕ್ಕೆ ನಾನು ಅದರ ಕೈಗೆ ಹಲಗೆಯನ್ನೇ ಕೊಡದೆ, ಹಲಗೆಯಲ್ಲಿದ್ದದ್ದರ ನಕಲು ಒಂದು ತುಂಡು ಕಾಗದದಲ್ಲಿ ಬರೆದುಕೊಟ್ಟಿದ್ದೆ. ಅದು ಆ ತುಂಡು ಕಾಗದದ ಮೇಲೆ ನಿನ್ನ ವಿಳಾಸ ಬರೆಯಿತು. ಅದನ್ನೇ ನೋಡಿಕೊಂಡು ಪರದೆಯ ಮೇಲೆ ಪಟ್ಟಿ ತೋರಿಸಿತು, ನಾನು ಕಣ್ಣಾರೆ ನೋಡಿದ್ದು ಅದು. ಕೆಲಸ ಮುಗಿದ ಮೇಲೆ ಆ ಕಾಗದ ಎಸೆಯಿತು. ಹಲಗೆಯ ಮೇಲೆ ಹಳೆಯ ವಿಳಾಸವೇ ಉಳಿಯಿತು. ನಿನ್ನ ಪೆಟ್ಟಿಗೆ ಈಗಲೂ ಇದೆ. ನಿನ್ನ ಚೀಟಿಯಲ್ಲಿ ಬೇರೆಯವರ ವಿಳಾಸವೂ ಇದೆ. ನಿನ್ನ ವಿಳಾಸ ಮಾತ್ರ ಯಾರ ಹತ್ತಿರವೂ ಇಲ್ಲ. ಹಾಳೆ ಪುಸ್ತಕದೊಳಗೇ ಇದ್ದು ಹೊಲಿಗೆಗೆ ಸಿಗದೇ ಹೋದರೆ ಏನಾಗುತ್ತದೆ ಅಂತ ನಿನಗೆ ಗೊತ್ತು.

ಸಿ ಕಲಿಯುವವರು ಮೊದಲ ತಿಂಗಳಲ್ಲಿ ಮಾಡುವ ತಪ್ಪು ಇದು. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಐದನೆಯವರನ್ನು ಮೂರಕ್ಕೆ ತಂದು ನೋಡಿದ್ದೆ, ಏಳನೆಯವರನ್ನು ಎರಡಕ್ಕೆ ತಂದು ನೋಡಿದ್ದೆ, ಎಲ್ಲ ಸರಿ ಇತ್ತು. ಮೊದಲನೆಯ ಸ್ಥಾನಕ್ಕೆ ತಂದಾಗ ಫಂಕ್ಷನ್ ತೋರಿಸಿದ್ದನ್ನೇ ನಂಬಿದೆ. ನಕಲಿನ ಬದಲು ಹಲಗೆಯನ್ನೇ ಕೊಡು ಅನ್ನುವ ಒಂದು ನಕ್ಷತ್ರದ ಚಿಹ್ನೆ ಸೇರಿಸಿ, ಅದಕ್ಕೆ ತಕ್ಕಂತೆ ನಾಲ್ಕು ಸಾಲು ತಿದ್ದಿದರೆ ಸರಿಹೋಗುವ ತಪ್ಪು.

ಕಿಡ್ನಿ ಬಂದಾಗ ಆ ಪಾಳಿಯಲ್ಲಿ ಯಾರಿದ್ದಾರೋ ಅವರು ಮೊದಲ ಹೆಸರು ನೋಡಿ ಫೋನ್ ಮಾಡುತ್ತಾರೆ. ಮಂಗಳವಾರ ಮೊದಲ ಹೆಸರು ನಿನ್ನ ಬಡಗಿಯಣ್ಣನದು. ಅದು ನಿನಗೆ ಬರಬೇಕಾಗಿದ್ದ ಕಿಡ್ನಿ.

ನನ್ನನ್ನು ಏನು ಬೇಕಾದರೂ ಅನ್ನು.

ಅಕ್ಕ

ಸೆಪ್ಟೆಂಬರ್ 12

ತಮ್ಮಾ,

ನೀನು ಬರೆದಿಲ್ಲ. ಬರೆಯಬೇಕಾಗಿಲ್ಲ. ಆದರೆ ಉಳಿದದ್ದನ್ನೂ ನಾನು ಹೇಳಬೇಕು, ನನಗೆ ಇನ್ಯಾರಿದ್ದಾರೆ.

ತುರ್ತು ಪತ್ರಗಳ ಕಡತ ತೆಗೆದು ನೋಡಿದೆ. ನನ್ನ ಫಂಕ್ಷನ್ ಬಂದ ಮೇಲೆ ಮೊದಲ ಸ್ಥಾನಕ್ಕೆ ಹೋದವರು ಮೂವರು, ಮೂವರೂ ನಿನ್ನ ಗುಂಪಿನವರೇ. ಮಾರ್ಚ್ ಕೊನೆಯಲ್ಲಿ ಒಬ್ಬರು ನಿವೃತ್ತ ಡ್ರಿಲ್ ಮೇಷ್ಟ್ರು. ಮೇ ತಿಂಗಳಲ್ಲಿ ಒಬ್ಬಳು ದರ್ಜಿ ಹೆಂಗಸು. ಜುಲೈಯಲ್ಲಿ ನೀನು. ಮೂವರೂ ಹಾಗೇ ಕಾಣೆಯಾಗಿದ್ದೀರಿ. ಅಂದರೆ ಯಾರು ಎಲ್ಲರಿಗಿಂತ ಹೆಚ್ಚು ಕಷ್ಟದಲ್ಲಿದ್ದರೋ ಅವರನ್ನೇ ಆರಿಸಿ ಆರಿಸಿ ಹೊರಗೆ ಹಾಕಿದ್ದೇನೆ. ಏಪ್ರಿಲ್‌ನಲ್ಲಿ ಒಂದು ಕಿಡ್ನಿ ಬಂತು, ಜೂನ್‌ನಲ್ಲಿ ಒಂದು, ಆಗಸ್ಟ್‌ನಲ್ಲಿ ಒಂದು. ಮೂವರಿಗೂ ಸಿಗುತ್ತಿತ್ತು.

ಮೇಷ್ಟ್ರು ಜೂನ್ ಮೊದಲ ವಾರ ಹೋಗಿಬಿಟ್ಟಿದ್ದಾರೆ. ಭಾನುವಾರ ಅವರ ಮನೆಗೆ ಹೋಗಿದ್ದೆ. ಅವರ ಹೆಂಡತಿ ಒಂದೇ ಇದ್ದ ಕುರ್ಚಿಯನ್ನು ಸೆರಗಿನಿಂದ ಒರೆಸಿ ನನಗೆ ಕೊಟ್ಟು, ತಾವು ಮಂಚದ ಅಂಚಿನಲ್ಲಿ ಕೂತರು. ನಾನು ಬಾಯಿ ತೆರೆಯುವ ಮೊದಲೇ, "ನಿಮ್ಮ ಕಚೇರಿಯೋರು ತುಂಬಾ ಒಳ್ಳೆಯೋರು. ಮೊದಲನೇ ಸ್ಥಾನ ಕೊಟ್ಟಿದ್ರಿ. ಅದೊಂದು ಸಮಾಧಾನದಲ್ಲಿ ಹೋದ್ರು ಅವರು" ಅಂದರು. ನಾನು ತಲೆ ಆಡಿಸಿ ಎದ್ದು ಬಂದೆ. ಹೇಳಲಿಕ್ಕೆ ಹೋದವಳು ಹೇಳದೆ ಬಂದೆ.

ಡಾಕ್ಟರಮ್ಮನಿಗೆ ಎಲ್ಲ ಹೇಳಿದ್ದೇನೆ. "ಸರಿ ಮಾಡು. ಹೊರಗೆ ಬಾಯಿ ಬಿಡಬೇಡ. ಜನ ಪಟ್ಟೀನೇ ನಂಬದ ಹಾಗಾದ್ರೆ ಕಿಡ್ನಿ ಕೊಡೋರೂ ನಿಲ್ಲಿಸ್ತಾರೆ, ಆಗ ಎಲ್ರೂ ಸಾಯ್ತಾರೆ" ಅಂದರು. ಅವರು ಹೇಳಿದ್ದು ತಪ್ಪು ಅಂತಲೂ ನನಗೆ ಹೇಳಲಿಕ್ಕಾಗಲಿಲ್ಲ. "ಉಳಿದ ಇಬ್ಬರನ್ನ ಸೇರಿಸು, ನಾನು ಸಹಿ ಹಾಕ್ತೀನಿ" ಅಂದರು. ಯಾರು ಮುಂದೆ, ಯಾರು ಹಿಂದೆ ಅಂತ ಕೇಳಲಿಲ್ಲ. ಕೇಳಬಾರದು ಅಂತಲೇ ಕೇಳಲಿಲ್ಲ ಅನ್ನಿಸುತ್ತದೆ.

ಹಲಗೆಯ ಮೇಲೆ ನಿನ್ನ ವಿಳಾಸ, ನಿನ್ನ ಚೀಟಿಯಲ್ಲಿ ದರ್ಜಿಯ ವಿಳಾಸ. ಹಾಗೆ ಬರೆದೆ. ಬರೆದು ಒಂದು ಗಂಟೆ ಅದರ ಮುಂದೆ ಕೂತಿದ್ದೆ. ಆಮೇಲೆ ಅಳಿಸಿ ಅವಳನ್ನು ಮುಂದೆ ಇಟ್ಟೆ. ಅವಳ ಪತ್ರ ಮೇ ತಿಂಗಳದ್ದು, ನಿನ್ನದು ಜುಲೈದು. ಅವಳು ನಾಲ್ಕು ತಿಂಗಳು ಕಾದಿದ್ದಾಳೆ, ಕಾಯುತ್ತಿದ್ದೇನೆ ಅಂದುಕೊಂಡು. ನೀನು ಈಗ ಎರಡನೆಯವನು.

ಅಕ್ಕ

ಅಕ್ಟೋಬರ್ 1

ಅಕ್ಕಾ,

ನಿನ್ನ ಎರಡು ಕಾಗದವನ್ನೂ ಇವಳಿಗೆ ಓದಲು ಕೊಡಲಿಲ್ಲ. ಅವಳೇ ಓದಿಕೊಂಡಳು. ಅವತ್ತಿನಿಂದ ಅಂಗಡಿಯಲ್ಲಿ ಮಾತಿಲ್ಲ, ದಾರ ಎಳೆಯುವ ಸದ್ದು ಮಾತ್ರ.

ತಪ್ಪು ಆಯಿತು, ಸರಿ. ಯಾರಿಂದ ಆಗುವುದಿಲ್ಲ. ನಾನೂ ಒಂದು ಸಲ ಯಾರದೋ ಪ್ರಬಂಧದಲ್ಲಿ ಹದಿನಾರು ಪುಟ ತಲೆಕೆಳಗಾಗಿ ಹೊಲಿದುಕೊಟ್ಟಿದ್ದೇನೆ. ಅದಕ್ಕೆ ನಿನ್ನ ಮೇಲೆ ಕೋಪವಿಲ್ಲ. ಇದೆ ಅಂತಲೂ ಅನ್ನಿಸುತ್ತದೆ, ಆದರೆ ಹಾಸಿಗೆಯಿಂದ ಏಳುವಷ್ಟು ಇಲ್ಲ.

ನನ್ನ ಹೆಸರನ್ನು ಮುಂದೆ ಬರೆದಿದ್ದೆಯಂತೆ, ಆಮೇಲೆ ಅಳಿಸಿದೆಯಂತೆ. ಅದನ್ನು ನನಗ್ಯಾಕೆ ಹೇಳಿದೆ? ಆ ಹೆಂಗಸನ್ನು ಮುಂದಿಟ್ಟೆ ಅಂತ ಬರೆದಿದ್ದರೆ ಸಾಕಿತ್ತು. ಈಗ ಬಡ್ಡಿಮಗಂದು ಆ ಒಂದು ಗಂಟೆಯನ್ನೇ ನೆನೆಸಿಕೊಂಡು ಕೂತಿರುತ್ತೇನೆ. ಒಂದು ಗಂಟೆ ನಾನು ನಿಜವಾಗಿ ಮೊದಲನೆಯವನಾಗಿದ್ದೆ, ಆಮೇಲೆ ನನ್ನ ಸ್ವಂತ ಅಕ್ಕ ನನ್ನನ್ನು ಇಳಿಸಿದಳು. ನೀನು ಮಾಡಿದ್ದು ಸರಿ. ಸರಿ ಅಂತ ಗೊತ್ತಿರುವುದರಿಂದ ನಿನ್ನನ್ನು ಬೈಯಲೂ ಆಗದ ಹಾಗೆ ಮಾಡಿಬಿಟ್ಟೆ.

ಕುತ್ತಿಗೆಯ ನಳಿಗೆಗೆ ಸೋಂಕು ತಗಲಿತ್ತು. ತೆಗೆದು ಇನ್ನೊಂದು ಕಡೆ ಹಾಕಿದ್ದಾರೆ. ಇನ್ನೆಷ್ಟು ಕಡೆ ಇದೆ ಅಂತ ಡಾಕ್ಟರನ್ನು ಕೇಳಿದೆ. ಬೆರಳು ಮಡಿಸಿ ಎಣಿಸಿದರು, ಎರಡಕ್ಕೆ ನಿಲ್ಲಿಸಿದರು.

ಸದ್ಯಕ್ಕೆ ಬರಬೇಡ.

ಮೊಂಡ

ಅಕ್ಟೋಬರ್ 26

ತಮ್ಮಾ,

ನಿನ್ನೆ ಬೆಳಗ್ಗೆ ಹತ್ತೂವರೆಗೆ ನಿನ್ನ ಗುಂಪಿನ ಕಿಡ್ನಿ ಬಂತು. ಫೋನ್ ಮಾಡಿದ್ದು ದರ್ಜಿಗೆ. ಗುಮಾಸ್ತೆ ಮಾತಾಡುವಾಗ ನಾನು ಪಕ್ಕದ ಕೋಣೆಯಲ್ಲಿದ್ದೆ, ಆ ಕಡೆಯಿಂದ ಅವಳು ಅಳುವುದು ಗೋಡೆಯಾಚೆಗೂ ಕೇಳಿಸಿತು. ನನಗೆ ಸಂತೋಷವಾಗಬೇಕಿತ್ತು. ಹಾಳಾದವಳು ನಾನು, ಅವಳು ಅಳುತ್ತಿದ್ದಷ್ಟೂ ಹೊತ್ತು ನಾನು ದೇವರ ಹತ್ತಿರ ಏನು ಕೇಳಿಕೊಂಡೆ ಅಂತ ಬರೆಯುವುದಿಲ್ಲ.

ಈಗ ಹಲಗೆಯ ಮೇಲೆ ನಿನ್ನ ವಿಳಾಸ ಇದೆ. ಡಾಕ್ಟರಮ್ಮನನ್ನು ಕೇಳಿಯೇ ನೋಡಿದೆ. "ದಿನಕ್ಕೊಂದು ಸಲ ನೋಡು, ತಡೆಯಲ್ಲ" ಅಂದಿದ್ದಾರೆ. ದಿನಾ ಬೆಳಗ್ಗೆ ನೋಡುತ್ತೇನೆ. ನೋಡುವುದು ಬಿಟ್ಟು ಮಾಡಲಿಕ್ಕೆ ಏನೂ ಇಲ್ಲ. ಪ್ರೋಗ್ರಾಂ ಈಗ ಸರಿಯಾಗಿದೆ, ಪಟ್ಟಿ ಸರಿಯಾಗಿದೆ, ಹೆಸರು ಸರಿಯಾದ ಜಾಗದಲ್ಲಿದೆ. ಇನ್ನು ಯಾರೋ ಒಬ್ಬರು ಎಲ್ಲೋ ಸಾಯಬೇಕು. ಅದನ್ನು ನಾನು ಬರೆದು ತರಲಾರೆ.

ನೀನು ಬೇಡ ಅಂದರೂ ಬರಬೇಕು ಅನ್ನಿಸುತ್ತದೆ. ಬರಲಾ?

ಅಕ್ಕ

ನವೆಂಬರ್ 19

ಅಕ್ಕಾ,

ಇದನ್ನು ನಾನು ಹೇಳುತ್ತಿದ್ದೇನೆ, ಇವಳು ಬರೆಯುತ್ತಿದ್ದಾಳೆ. ಅಕ್ಷರ ನೆಟ್ಟಗಿರುವುದು ಅದಕ್ಕೆ. ಜ್ವರ ಬಂದು ಬಂದು ಹೋಗುತ್ತಿದೆ, ಪೆನ್ನು ಹಿಡಿದರೆ ಜಾರುತ್ತದೆ. ನಳಿಗೆ ಈಗ ತೊಡೆಯಲ್ಲಿ.

ನಿನ್ನೆ ಬಡಗಿಯಣ್ಣ ಮನೆಗೆ ಬಂದಿದ್ದರು. ಮೈ ತುಂಬಿಕೊಂಡಿದ್ದಾರೆ, ಮುಖ ಕೆಂಪಗಾಗಿದೆ. ಕಿತ್ತುಹೋಗಿದ್ದ ನಮ್ಮ ಕಿಟಕಿ ಬಾಗಿಲನ್ನು ಯಾರೂ ಕೇಳದೆಯೇ ಸರಿಮಾಡಿದರು. ಆಮೇಲೆ ನನ್ನ ಕಾಲ ಹತ್ತಿರ ಕೂತು, "ಒಂದು ಮಾತು ಕೇಳ್ತೀನಿ, ನಿಜ ಹೇಳು. ನೀನು ಮೊದಲನೇವನು ಅಂತಿದ್ದೆ. ನಮ್ಮನೆಯವಳೂ ನಾನೂ ಇದನ್ನೇ ಮಾತಾಡ್ಕೊತೀವಿ. ನಂಗೆ ಬಂದಿದ್ದು ನಿಂದಾ?" ಅಂದರು. ಕೈ ಹೊಟ್ಟೆಯ ಮೇಲೆ, ಹೊಲಿಗೆ ಹಾಕಿದ ಕಡೆ ಇತ್ತು.

ನಾನು ನಕ್ಕುಬಿಟ್ಟೆ. "ಅಯ್ಯೋ ಅಣ್ಣ, ಅವತ್ತು ಸುಮ್ನೆ ಜಂಬ ಕೊಚ್ಕೊಂಡಿದ್ದೆ. ನಂದು ಒಂಬತ್ತನೇದು. ಅಕ್ಕ ಹಾಗೆಲ್ಲ ಹೇಳೋ ಹಾಗೇ ಇಲ್ಲ, ರೂಲ್ಸು" ಅಂದೆ. "ನಿಜವಾ?" ಅಂದರು. "ನಿಮ್ಮಾಣೆ" ಅಂದೆ. ಅವರು ಮುಖ ಒರೆಸಿಕೊಂಡರು. ಹೋಗುವಾಗ "ಒಂಬತ್ತಾದ್ರೇನು, ಬರತ್ತೆ ಬಿಡು" ಅಂತ ನನಗೇ ಧೈರ್ಯ ಹೇಳಿಹೋದರು.

ನನ್ನ ಬಾಯಿಂದ ಸುಳ್ಳು ಅಷ್ಟು ಸಲೀಸಾಗಿ ಬಂತಲ್ಲ, ನೀನು ಯಾಕೆ ನನಗೆ ಅಂಥದೊಂದು ಹೇಳಲಿಲ್ಲ ಅಂತ ರಾತ್ರಿಯೆಲ್ಲ ಕೋಪ ಬಂತು. ಬೆಳಗ್ಗೆ ಹೋಯಿತು. ಇಷ್ಟು ಸಾಕು, ಸುಸ್ತಾಗುತ್ತಿದೆ.

ನಿನ್ನ ಮೊಂಡ

ಅತ್ತಿಗೆ, ಅವರು ನಿದ್ದೆ ಹೋದರು. ಇನ್ನು ನಾನೇ ಬರೆಯುತ್ತಿದ್ದೇನೆ, ಇದು ಅವರಿಗೆ ಗೊತ್ತಿಲ್ಲ.

ನಿಮ್ಮ ಮೇಲೆ ನನಗೆ ಕೋಪವಿತ್ತು, ಈಗಲೂ ಇದೆ. ಅದು ಹಾಗಿರಲಿ. ಹೋದ ವಾರ ನೀವು ಮೂರು ಸಲ ಫೋನ್ ಮಾಡಿ, ಮಾತಾಡಲಾಗದೆ ಇಟ್ಟುಬಿಟ್ಟಿರಿ. ಮೂರು ಸಲವೂ ಫೋನಿನ ಸದ್ದು ಕೇಳಿದ ಕೂಡಲೆ ಅವರು ಗೋಡೆ ಹಿಡಿದುಕೊಂಡು ಎದ್ದು, ಷರ್ಟು ಹಾಕಿಕೊಂಡು, ಚಪ್ಪಲಿ ಮೆಟ್ಟಿ ಬಾಗಿಲ ಹತ್ತಿರ ಹೋಗಿ ನಿಂತರು. ನಾನು ಫೋನ್ ಇಟ್ಟು ಇಲ್ಲ ಅಂತ ತಲೆ ಆಡಿಸಿದ ಮೇಲೆ ಒಂದೊಂದೇ ಗುಂಡಿ ಬಿಚ್ಚಿದರು.

ಬರುವುದಾದರೆ ಬಂದುಬಿಡಿ ಅತ್ತಿಗೆ. ಫೋನ್ ಮಾತ್ರ ಮಾಡಬೇಡಿ.

ನಿಮ್ಮ ತಮ್ಮನ ಹೆಂಡತಿ